ಕಟ್ಟಿದ್ದೆಷ್ಟು? ತೀರಿದ್ದೆಷ್ಟು?

ಅಂಗಡಿ ಸಾಹುಕಾರರು ಲೆಕ್ಕದಲ್ಲಿ ಬಲು ಬಿಗಿ. ಐದು ರೂಪಾಯಿ ಉದ್ರಿಯನ್ನೂ ಬರೆದಿಡುತ್ತಾರೆ. ಆದರೆ ಮನೆ ಸಾಲದ ಕಂತು ಬಂದಾಗ ಮಾತ್ರ ಪುಸ್ತಕದಲ್ಲಿ ಒಂದೇ ಸಾಲು: ‘ಬ್ಯಾಂಕಿಗೆ ಕಟ್ಟಿದ್ದು’. ಕೆಂಪು ಬಟ್ಟೆ ಹೊದಿಕೆಯ ಖಾತೆ ಪುಸ್ತಕ ಹೋಗಿ ಕಂಪ್ಯೂಟರು, ಮೊಬೈಲು ಬಂದರೂ ಚಾಳಿ ಬದಲಾಗಿಲ್ಲ.

ಎಡವಟ್ಟು ಇರೋದು ಅಲ್ಲೇ.

20 ಲಕ್ಷ ಸಾಲ, ಶೇ. 9 ಬಡ್ಡಿ, 20 ವರ್ಷದ ಅವಧಿ ಅಂತಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 17,995 ರೂಪಾಯಿ. ಮೊದಲ ಕಂತಿನಲ್ಲಿ 15,000 ಬಡ್ಡಿಗೇ ಹೋಯಿತು. ಅಸಲಿಗೆ ಜಮಾ ಆದದ್ದು 2,995 ಮಾತ್ರ! ವರ್ಷದಲ್ಲಿ ಕಟ್ಟಿದ್ದು ಹತ್ತಿರ ಹತ್ತಿರ 2 ಲಕ್ಷ 16 ಸಾವಿರ. ಸಾಲ ಇಳಿದದ್ದು ಮೂವತ್ತೇಳೂವರೆ ಸಾವಿರ. ಆಮೇಲೆ ‘ಇಷ್ಟು ಕಟ್ಟಿದರೂ ಸಾಲ ಇಳಿದೇ ಇಲ್ಲವಲ್ರೀ’ ಅಂತ ಕೌಂಟರಿನಲ್ಲಿ ಜಗಳ ತೆಗೆದರೆ ಏನು ಬಂತು?

ಮಾಡಬೇಕಾದ್ದು ಇಷ್ಟೇ. ಲೆಕ್ಕದ ಸಾಫ್ಟ್‌ವೇರಿನಲ್ಲಿ ಸಾಲಕ್ಕೇ ಒಂದು ಪ್ರತ್ಯೇಕ ಖಾತೆ ತೆರೆದು 20 ಲಕ್ಷ ಬಾಕಿ ತೋರಿಸಿ. ಪ್ರತಿ ಕಂತನ್ನೂ ಎರಡು ಪಾಲು ಮಾಡಿ. ಬಡ್ಡಿ ಖರ್ಚಿಗೆ, ಅಸಲು ಸಾಲದ ಖಾತೆಗೆ. ಖಾತೆಯಲ್ಲಿ ಉಳಿಯುವ ಬಾಕಿಯೇ ನಿಜವಾದ ಸಾಲ.

ಅಮೆರಿಕದಲ್ಲಿ ಎಷ್ಟೋ ಕಡೆ ಕಂತಿನ ಜೊತೆಗೇ ಮನೆಯ ತೆರಿಗೆ, ವಿಮೆಯ ಹಣವನ್ನೂ ವಸೂಲು ಮಾಡಿ ‘ಎಸ್ಕ್ರೋ’ ಎಂಬ ಬೇರೆ ಖಾತೆಯಲ್ಲಿಟ್ಟು, ಗಡುವು ಬಂದಾಗ ಸಾಲ ಕೊಟ್ಟವರೇ ಕಟ್ಟುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಆದ್ದರಿಂದ ಆ ಡಬ್ಬಿಯನ್ನು ಮನೆಯೊಡೆಯರೇ ಇಡಬೇಕು. ವರ್ಷದ ಕಂದಾಯವನ್ನು ಹನ್ನೆರಡು ಪಾಲು ಮಾಡಿ ತಿಂಗಳು ತಿಂಗಳು ಎತ್ತಿಟ್ಟರೆ, ಏಪ್ರಿಲ್‌ನಲ್ಲಿ ನಗರಸಭೆಗೆ ಕಟ್ಟಿ ಶೇ. 5 ರಿಯಾಯಿತಿಯನ್ನೂ ಪಡೆಯಬಹುದು.

ಇನ್ನೊಂದು ಅಪಾಯವಿದೆ. 2022ರ ಮೇನಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೋ ದರ ಶೇ. 4ರಿಂದ 6.5ಕ್ಕೆ ಏರಿತು. ಎಷ್ಟೋ ಸಾಲಗಾರರ ಕಂತು ಹಾಗೇ ಇತ್ತು. ಸದ್ದಿಲ್ಲದೆ ಬೆಳೆದದ್ದು ಅವಧಿ. ಮೇಲಿನ ಸಾಲಕ್ಕೇ ಶುರುವಿನಲ್ಲೇ ಬಡ್ಡಿ ಶೇ. 10 ಆಗಿ ಕಂತು ಅಷ್ಟೇ ಉಳಿದರೆ, 20 ವರ್ಷದ ಸಾಲ 26 ವರ್ಷ ದಾಟುತ್ತದೆ! ಕಂತು ಏರಿಲ್ಲ ಅಂತ ಖುಷಿಪಟ್ಟವರು ಆರು ವರ್ಷದ ದುಡಿಮೆ ಕಳಕೊಂಡಂತೆ.

ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಬೆಳೆಸಬೇಕೋ ಅಂತ ಸಾಲಗಾರನನ್ನೇ ಕೇಳಬೇಕು. ಕಟ್ಟಿದ ಅಸಲು, ಬಡ್ಡಿ, ಉಳಿದ ಕಂತುಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲೇ ಅಪ್ಪಣೆ ಮಾಡಿದೆ. ಆ ಪಟ್ಟಿ ಕನ್ನಡದಲ್ಲಿ, ಓದುವಂಥ ಅಕ್ಷರದಲ್ಲಿ ಕೈಗೆ ಬರಲಿ. ಗ್ರಾಹಕರೂ ಕೇಳಿ ಪಡೆದು ತಮ್ಮ ಖಾತೆಯೊಂದಿಗೆ ತಾಳೆ ನೋಡಲಿ.

ಬ್ಯಾಂಕಿನವರು ತಮ್ಮ ಲೆಕ್ಕ ಇಟ್ಟೇ ಇಟ್ಟಿರುತ್ತಾರೆ. ಸಾಲ ತಂದವರೂ ಇಡಬೇಡವೇ, ಸ್ವಾಮಿ?