ಗಣಕದ ಸ್ಮೃತಿಯನ್ನು ಕೊಳ್ಳುವಾಗ

ಬಿಡಿಭಾಗಗಳನ್ನು ಕೊಂಡುತಂದು ಮೇಜಿನ ಗಣಕವನ್ನು ಮನೆಯಲ್ಲಿಯೇ ಜೋಡಿಸಿಕೊಳ್ಳುವ ಹವ್ಯಾಸವು ವಿದ್ಯಾರ್ಥಿಗಳಿಗೆ ಒಳ್ಳೆಯ ಶಿಕ್ಷಣವೇ ಸರಿ. ಆದರೆ ರ್‍ಯಾಮ್ ಎಂದು ಎಲ್ಲರೂ ಕರೆಯುವ ಸ್ಮೃತಿಯನ್ನು ಆರಿಸುವಾಗ ಅವರಲ್ಲಿ ಬಹುಮಂದಿ ಡಬ್ಬಿಯ ಮೇಲೆ ಅಚ್ಚಾದ ಅತಿ ದೊಡ್ಡ ಅಂಕಿಗೆ ಮರುಳಾಗುವರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿದರೂ ಮೊದಲು ಕಿವಿಗೆ ಬೀಳುವುದು ಆ ಅಂಕಿಯೇ. ಕೃತಕ ಬುದ್ಧಿಮತ್ತೆಯ ದತ್ತಾಂಶಕೇಂದ್ರಗಳ ಬೇಡಿಕೆಯಿಂದ 2025ರ ಉತ್ತರಾರ್ಧದಲ್ಲಿ ಸ್ಮೃತಿಯ ಬೆಲೆ ತೀವ್ರವಾಗಿ ಏರಿತು. ತಂದೆತಾಯಿಗಳ ಹಣದಿಂದ ಕೊಳ್ಳುವವನು ತಾನು ಯಾವ ಗುಣಕ್ಕೆ ಬೆಲೆ ತೆರುತ್ತಿರುವೆನೆಂಬುದನ್ನು ಅರಿತಿರಬೇಕೆಂದು ನಾವು ಹೇಳುವುದು ಅತಿಯಾಗಲಾರದು.

ಒಂದು ಟ್ರಾನ್ಸಿಸ್ಟರು, ಒಂದು ಧಾರಕ: ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರು 1968ರಲ್ಲಿ ಏಕಸ್ವಾಮ್ಯ ಪಡೆದ ಸ್ಮೃತಿಕೋಶದ ರಚನೆ ಇಷ್ಟೇ. ಧಾರಕದಲ್ಲಿ ವಿದ್ಯುದಾವೇಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆವೇಶವು ತಾನಾಗಿಯೇ ಸೋರಿಹೋಗುವುದರಿಂದ ಅದನ್ನು ಪದೇಪದೇ ತುಂಬುತ್ತಿರಬೇಕು. ಡಿಡಿಆರ್4ರಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳೊಳಗೆ, ಡಿಡಿಆರ್5ರಲ್ಲಿ 32 ಮಿಲಿಸೆಕೆಂಡುಗಳೊಳಗೆ ಪ್ರತಿಯೊಂದು ಸಾಲಿಗೂ ಈ ಉಪಚಾರ ನಡೆಯುತ್ತದೆ. ಓದಿದೊಡನೆ ಆವೇಶವು ಚದುರಿಹೋಗುವ ಕಾರಣ ಓದಿದುದನ್ನು ಮತ್ತೆ ಬರೆಯಲೂ ಬೇಕು. ಇಂತಹ ಕೋಶದಿಂದ ಮಾಹಿತಿಯನ್ನು ಹೊರತೆಗೆಯಲು ತಗಲುವ ಕಾಲವನ್ನು ಮನಸ್ಸು ಬಂದಷ್ಟು ಕಡಿಮೆ ಮಾಡಲಾಗದೆಂಬುದು ಇದರಿಂದ ಸ್ಪಷ್ಟವಾಗುವುದು.

ಈಗ ಲೆಕ್ಕಕ್ಕೆ ಬರೋಣ. ಡಿಡಿಆರ್4-3200 ಎಂಬ ಹಲಗೆಯು ಸೆಕೆಂಡಿಗೆ 320 ಕೋಟಿ ವರ್ಗಾವಣೆಗಳನ್ನು ನಡೆಸಬಲ್ಲದು. ಗಡಿಯಾರದ ಒಂದೊಂದು ಮಿಡಿತಕ್ಕೆ ಎರಡು ವರ್ಗಾವಣೆಗಳಾದ್ದರಿಂದ ಮಿಡಿತಗಳು 160 ಕೋಟಿ. ಅಂದರೆ ಒಂದು ಮಿಡಿತದ ಅವಧಿ 0.625 ನ್ಯಾನೊಸೆಕೆಂಡು. ಹಲಗೆಯ ಮೇಲೆ ಸಿಎಲ್16 ಎಂದಿದ್ದರೆ, ತೆರೆದಿರುವ ಸಾಲಿನಿಂದ ಮೊದಲ ಮಾಹಿತಿ ಹೊರಡಲು 16 ಮಿಡಿತ, ಎಂದರೆ 10 ನ್ಯಾನೊಸೆಕೆಂಡು ಬೇಕು. ಡಿಡಿಆರ್5-6000, ಸಿಎಲ್30 ಹಲಗೆಯನ್ನು ತೆಗೆದುಕೊಳ್ಳಿ. ಮಿಡಿತಗಳು 300 ಕೋಟಿ. ಮೂವತ್ತು ಮಿಡಿತಗಳಿಗೆ ಹಿಡಿಯುವ ಕಾಲ ಅದೇ 10 ನ್ಯಾನೊಸೆಕೆಂಡು! ಅದೇ ವೇಗದ ಸಿಎಲ್40 ಹಲಗೆಗೆ 13 ನ್ಯಾನೊಸೆಕೆಂಡುಗಳಿಗೂ ಹೆಚ್ಚು ಹಿಡಿಯುತ್ತದೆ. ಹಾಗಾದರೆ ದೊಡ್ಡ ಅಂಕಿ ಬರಿಯ ಸೋಗೆ? ಅಲ್ಲ. ಒಂದು ಹಲಗೆಯಿಂದ ಸೆಕೆಂಡಿಗೆ ಹರಿಯಬಲ್ಲ ಮಾಹಿತಿ 25.6 ಗಿಗಾಬೈಟಿನಿಂದ 48 ಗಿಗಾಬೈಟಿಗೆ ಏರಿದೆ. ಕಾಲುವೆಯನ್ನು ಅಗಲ ಮಾಡಿದರೆ ಹರಿಯುವ ನೀರು ಹೆಚ್ಚುವುದು. ತೂಬು ಎತ್ತಿದ ಮೇಲೆ ಮೊದಲ ನೀರು ಗದ್ದೆಯನ್ನು ಮುಟ್ಟುವ ಹೊತ್ತು ಅದರಿಂದ ಅಷ್ಟಾಗಿ ಬದಲಾಗದು.

ಆದುದರಿಂದ ವೇಗಕ್ಕಿಂತ ಪರಿಮಾಣಕ್ಕೆ ಮೊದಲ ಸ್ಥಾನ ಸಲ್ಲಬೇಕೆಂಬುದು ನಮ್ಮ ಮತ. ಸ್ಮೃತಿ ಸಾಲದೆ ಹೋದಾಗ ಗಣಕವು ಮಾಹಿತಿಯನ್ನು ಶೇಖರಣ ತಟ್ಟೆಗೆ ಸಾಗಿಸಿ ಮತ್ತೆ ತರಬೇಕಾಗುವುದು; ಆ ತಟ್ಟೆ ಎಷ್ಟೇ ಹೊಸದಾಗಿರಲಿ, ಸ್ಮೃತಿಗಿಂತ ನೂರಾರು ಪಟ್ಟು ನಿಧಾನ. ಓದುಬರಹಕ್ಕೂ ಕ್ರಮವಿಧಿಯ ಅಭ್ಯಾಸಕ್ಕೂ 16 ಗಿಗಾಬೈಟು ಸಾಕು. ಚಲನಚಿತ್ರ ಸಂಕಲನ, ದೊಡ್ಡ ಗಣಿತಗಳು ಇದ್ದವರಿಗೆ 32 ಬೇಕು. ಅದನ್ನು ಒಂದೇ ಹಲಗೆಯಾಗಿ ಕೊಳ್ಳದೆ ಸರಿಸಮನಾದ ಜೋಡಿಯಾಗಿ ಕೊಂಡರೆ ಎರಡು ಕಾಲುವೆಗಳೂ ಹರಿಯುವವು. ನಾಲ್ಕು ಹಲಗೆಗಳನ್ನು ತುಂಬಿದರೆ ವೇಗ ತಗ್ಗುವುದುಂಟು. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಕಡ್ಡಿಗಳಿದ್ದರೂ ಕಚ್ಚು ಬೇರೆಡೆ ಇರುವುದರಿಂದ ಒಂದರ ಜಾಗದಲ್ಲಿ ಮತ್ತೊಂದು ಕೂಡದು. ಯಾವುದೆಂಬುದನ್ನು ಮದರ್‌ಬೋರ್ಡೇ ನಿಶ್ಚಯಿಸುತ್ತದೆ. ಬಣ್ಣದ ದೀಪಗಳ ವಿಚಾರವನ್ನು ನಾವು ಎತ್ತುವುದಿಲ್ಲ.

ನಮಗೆ ನಿಜವಾದ ಅಸಮಾಧಾನವಿರುವುದು ಬೇರೊಂದು ವಿಷಯದಲ್ಲಿ. ವಿಶ್ವಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಾನೊಂದು ಚಿಪ್ಪಿಗೆ ತಾಗಿ ಒಂದನ್ನು ಸೊನ್ನೆಯಾಗಿಸಬಲ್ಲದು. ಇದು ಅಪರೂಪವೇನೋ ಹೌದು; ಆದರೆ ತಪ್ಪಿದ ಅಂಕಿಯು ಸದ್ದಿಲ್ಲದೆ ಕಡತದೊಳಗೆ ಸೇರಿಬಿಡುತ್ತದೆ. ಡಿಡಿಆರ್5 ಚಿಪ್ಪುಗಳು ತಮ್ಮೊಳಗಿನ ದೋಷವನ್ನು ತಿದ್ದಿಕೊಳ್ಳುವುವು. ಚಿಪ್ಪಿನಿಂದ ಸಂಸ್ಕಾರಕದವರೆಗಿನ ದಾರಿಗೆ ಆ ಕಾವಲಿಲ್ಲ. ಆ ದಾರಿಯನ್ನೂ ಕಾಯುವ ಇಸಿಸಿ ಹಲಗೆಗೆ ಹೆಚ್ಚುವರಿ ಚಿಪ್ಪುಗಳೂ ಅದನ್ನು ಒಪ್ಪುವ ಸಂಸ್ಕಾರಕ, ಮದರ್‌ಬೋರ್ಡುಗಳೂ ಬೇಕು. ತಯಾರಕರು ಇದನ್ನು ಬಹುಮಟ್ಟಿಗೆ ದೊಡ್ಡ ಸಂಸ್ಥೆಗಳ ಯಂತ್ರಗಳಿಗೆ ಮೀಸಲಿಟ್ಟಿರುವುದು ನಮಗೆ ಒಪ್ಪಿಗೆಯಿಲ್ಲ. ವಿದ್ಯಾರ್ಥಿಯ ಪ್ರಬಂಧಕ್ಕೂ ಬ್ಯಾಂಕಿನ ಖಾತೆಗೂ ಬೇಕಾದ ಸತ್ಯ ಒಂದೇ ಬಗೆಯದಲ್ಲವೆ?

ಜೋಡಿಸಿದ ಮೇಲೆ ಎರಡು ಕೆಲಸಗಳು ಉಳಿಯುತ್ತವೆ. ಹಲಗೆಯು ಮೊದಲು ತಗ್ಗಿದ ಸಾಮಾನ್ಯ ವೇಗದಲ್ಲಿಯೇ ಓಡುವುದರಿಂದ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬುದನ್ನು ಆರಿಸಬೇಕು. ಬಳಿಕ, ಬೇರಾವ ಕೆಲಸಕ್ಕೂ ತೊಡಗುವ ಮುನ್ನ, ಮೆಮ್‌ಟೆಸ್ಟ್86ರಂತಹ ಪರೀಕ್ಷಕವನ್ನು ಒಂದು ರಾತ್ರಿ ಓಡಲು ಬಿಡಬೇಕು. ದೋಷ ಕಂಡರೆ ವೇಗವನ್ನು ಮೊದಲಿನಂತೆ ತಗ್ಗಿಸಿ ಇನ್ನೊಮ್ಮೆ ಪರೀಕ್ಷಿಸಿ. ಆಗಲೂ ಒಂದೇ ಒಂದು ದೋಷ ಕಂಡರೂ ಯಾವ ಹಲಗೆಯದೆಂದು ಬಿಡಿಬಿಡಿಯಾಗಿ ನೋಡಿ, ರಸೀದಿಯೊಡನೆ ಅಂಗಡಿಗೆ ಹಿಂದಿರುಗಿಸಿರಿ.