ಅಳತೆಗೋಲು ಮತ್ತು ಬ್ಯಾಂಕಿನ ಲಾಭ

ತಾಂಡೂರಿನ ತೊಗರಿ ಬೆಳೆಗಾರನನ್ನು “ಈ ವರ್ಷ ಲಾಭವೆಷ್ಟು?” ಎಂದು ಕೇಳಿ ನೋಡಿ. ಕಣದಲ್ಲಿ ಬಿದ್ದಿರುವ ರಾಶಿಯನ್ನಷ್ಟೇ ನೋಡಿ ಆತ ಉತ್ತರಿಸುವುದಿಲ್ಲ. ಬೀಜ, ಗೊಬ್ಬರ, ಕೂಲಿಗಳ ಖರ್ಚನ್ನು ಕಳೆಯುತ್ತಾನೆ; ಉದ್ದರಿ ಕೊಟ್ಟ ಕಾಳಿನ ಹಣ ಮರಳುವುದೇ ಎಂಬುದನ್ನೂ ಯೋಚಿಸುತ್ತಾನೆ. ಬ್ಯಾಂಕಿನ ಲಾಭವನ್ನು ಅಳೆಯುವಾಗಲೂ ಇದೇ ವಿವೇಕ ಬೇಕು.

ಬ್ಯಾಂಕಿನ ಸಂಪಾದನೆಯ ಮುಖ್ಯ ಮೂಲವೆಂದರೆ ಠೇವಣಿಗೆ ಕೊಡುವ ಬಡ್ಡಿಗೂ ಸಾಲದಿಂದ ಪಡೆಯುವ ಬಡ್ಡಿಗೂ ಇರುವ ಅಂತರ. ಸಂಬಳ, ಬಾಡಿಗೆಗಳ ವೆಚ್ಚವನ್ನೂ, ಮರಳದ ಸಾಲಕ್ಕಾಗಿ ತೆಗೆದಿರಿಸಬೇಕಾದ ಮೊತ್ತವನ್ನೂ ಕಳೆದು ಉಳಿದದ್ದು ಲಾಭ. ಈ ಕೊನೆಯ ಬಾಬನ್ನು ಮರೆಮಾಚಿದರೆ ಲಾಭವು ಕಾಗದದ ಮೇಲೆ ಉಬ್ಬುತ್ತದೆ.

ನಮ್ಮ ದೇಶವು ಈ ಪಾಠವನ್ನು ಕಂಡುಂಡಿದೆ. 2015ರಲ್ಲಿ ರಿಸರ್ವ್ ಬ್ಯಾಂಕು ಸಾಲಗಳ ಗುಣಮಟ್ಟವನ್ನು ಬಿಗಿಯಾಗಿ ಪರಿಶೀಲಿಸತೊಡಗಿತು. ಸರಕಾರಿ ಬ್ಯಾಂಕುಗಳು ಒಟ್ಟಾಗಿ 2015-16ರಿಂದ ಸತತ ಐದು ವರ್ಷ ನಷ್ಟ ತೋರಿಸಿದವು. 2018ರ ಮಾರ್ಚಿನಲ್ಲಿ ವಾಣಿಜ್ಯ ಬ್ಯಾಂಕುಗಳ ಪ್ರತಿ ನೂರು ರೂಪಾಯಿ ಸಾಲದಲ್ಲಿ ಸುಮಾರು 11 ರೂಪಾಯಿ ಕೆಟ್ಟ ಸಾಲವಾಗಿತ್ತು. ಅಳತೆಗೋಲು ನಷ್ಟವನ್ನು ಸೃಷ್ಟಿಸಲಿಲ್ಲ. ಬಚ್ಚಿಟ್ಟಿದ್ದನ್ನು ಬೆಳಕಿಗೆ ತಂದಿತು. ಸರಕಾರದ ಬಂಡವಾಳ, 2016ರ ದಿವಾಳಿ ಸಂಹಿತೆಗಳ ನೆರವಿನಿಂದ ಚೇತರಿಸಿಕೊಂಡ ಆ ಬ್ಯಾಂಕುಗಳ ಲಾಭವು 2022-23ರಲ್ಲಿ ಒಂದು ಲಕ್ಷ ಕೋಟಿ ರೂಪಾಯಿಯನ್ನು ಮೀರಿತು.

ಲಾಭವೊಂದನ್ನೇ ಅಳೆದರೆ ಸಾಲದೆಂದು ಅಮೆರಿಕದ ಕ್ಯಾಪ್ಲನ್ ಮತ್ತು ನಾರ್ಟನ್ 1992ರಲ್ಲಿ ವಾದಿಸಿದರು. ಹಣಕಾಸು, ಗ್ರಾಹಕ, ಒಳಗಿನ ಕಾರ್ಯವಿಧಾನ, ಕಲಿಕೆ ಎಂಬ ನಾಲ್ಕು ದೃಷ್ಟಿಗಳಿಂದ ಸಂಸ್ಥೆಯನ್ನು ನೋಡಬೇಕೆಂಬುದು ಅವರ ಮತ. ಲಾಭವು ನಿನ್ನೆಯ ಕೆಲಸದ ಫಲ. ಉಳಿದ ಮೂರು ನಾಳಿನ ಬೆಳೆಗೆ ಬೀಜ.

ಇದು ನಮಗೇಕೆ ಎನ್ನುವಿರಾ? 1956ರಲ್ಲಿ ಬೀದರದಿಂದ ಜಹೀರಾಬಾದು, ನಾರಾಯಣಖೇಡಗಳೂ ಗುಲಬರ್ಗಾದಿಂದ ತಾಂಡೂರೂ ಬೇರ್ಪಟ್ಟವು. ನಮ್ಮ ಹಿರಿಯರು ಬಲ್ಲ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಫಲಕಗಳು ಬದಲಾದರೂ ಕಿಟಕಿಯ ಮುಂದೆ ನಿಲ್ಲುವವರು ನಾವೇ. ಶಾಖೆಯ ಸಿಬ್ಬಂದಿಗೆ ಗುರಿಯ ಅಂಕೆಯೊಂದೇ ಅಳತೆಯಾದರೆ, ಕನ್ನಡವಷ್ಟೇ ಬಲ್ಲ ಅಜ್ಜಿಗೆ ಅರ್ಥವಾಗದ ಕಾಗದದ ಮೇಲೆ ಹೆಬ್ಬೆಟ್ಟು ಬೀಳುತ್ತದೆ. ಬೇಡದ ವಿಮೆ ಸಾಲದ ಬೆನ್ನಿಗೆ ಅಂಟಿಕೊಳ್ಳುತ್ತದೆ. ಆ ವರ್ಷದ ಪಟ್ಟಿಯಲ್ಲಿ ಅದು ಆದಾಯ; ಕಂತು ನಿಂತ ವರ್ಷ ಅದೇ ನಷ್ಟ.

ಆದುದರಿಂದ, ಸಹಿ ಮಾಡುವ ಮುನ್ನ ಬಡ್ಡಿ, ಕಂತು, ವಿಮೆಗಳನ್ನು ನಮಗೆ ತಿಳಿಯುವ ಮಾತಿನಲ್ಲಿ ಕೇಳಿ ತಿಳಿದುಕೊಳ್ಳೋಣ. ಅದರಿಂದ ಮನೆಗೂ ಹಿತ, ಬ್ಯಾಂಕಿಗೂ ಹಿತ.