ರೆಕ್ಕೆಗೂ ಮೊದಲು ಲೆಕ್ಕ

ಕೊಡಗಿನವರಿಗೆ ಆಕಾಶ ಹೊಸದಲ್ಲ. 1965ರ ಯುದ್ಧದಲ್ಲಿ ಸರ್ಗೋಧಾ ದಾಳಿಯ ಸಂದರ್ಭದಲ್ಲಿ ಶತ್ರುವಿಮಾನದೊಡನೆ ಸೆಣಸಿ ಮಡಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಈ ನಾಡಿನವರೇ. 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರಚಕ್ರ ಸಂದಿತು. ಅವರು ಹಾರಿಸಿದ ವಿಮಾನದ ವೆಚ್ಚವನ್ನು ರಾಷ್ಟ್ರವು ಹೊತ್ತಿತ್ತು. ತನ್ನ ವಿಮಾನವನ್ನು ತಾನೇ ಕಟ್ಟಿ ಹಾರಬೇಕೆನ್ನುವ ಗೃಹಸ್ಥನಿಗೆ ಆ ಅನುಕೂಲವಿಲ್ಲ. ಅವನ ವಿಮಾನಕ್ಕೂ ಮಕ್ಕಳ ಶಾಲೆಯ ಶುಲ್ಕಕ್ಕೂ ಹಣ ಬರಬೇಕಾದುದು ಒಂದೇ ಕಾಫಿತೋಟದಿಂದ. ಆದುದರಿಂದ ಅಂಥವನು ಮೊದಲು ಕಲಿಯಬೇಕಾದುದು ವಾಯುಚಲನಶಾಸ್ತ್ರವನ್ನಲ್ಲ, ಮನೆಯ ಆಯವ್ಯಯವನ್ನು ಎಂಬುದು ನಮ್ಮ ಅಭಿಪ್ರಾಯ.

ಕಾರ್ಖಾನೆಯು ಅಳತೆಗೆ ಸರಿಯಾಗಿ ಸಿದ್ಧಪಡಿಸಿದ ಬಿಡಿಭಾಗಗಳನ್ನು ನಕ್ಷೆಗಳೊಡನೆ ತರಿಸಿಕೊಂಡು, ಕೊಂಡವನೇ ಜೋಡಿಸುವ ವಿಮಾನಕ್ಕೆ ಕಿಟ್ ವಿಮಾನವೆಂದು ಹೆಸರು. ಇದು ಕೇವಲ ಪರದೇಶದ ಕೌತುಕವೆಂದು ವಾಚಕರು ಭಾವಿಸಬೇಕಾಗಿಲ್ಲ. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯು ತಯಾರಿಸಿದ ಎಕ್ಸ್-ಏರ್ ಎಂಬ ಎರಡು ಆಸನಗಳ ಲಘು ವಿಮಾನದ ಕಿಟ್ಟುಗಳು ಇಂಗ್ಲೆಂಡ್, ಫ್ರಾನ್ಸ್ ಮೊದಲಾದ ದೇಶಗಳನ್ನು ಸೇರಿ, ಅಲ್ಲಿಯ ಹವ್ಯಾಸಿಗಳ ಕೈಯಲ್ಲಿ ವಿಮಾನಗಳಾಗಿ ಹಾರಿವೆ.

ಇಲ್ಲಿ ಹಣದ ಲೆಕ್ಕವು ಪ್ರಾಣದ ಲೆಕ್ಕವೂ ಆಗಿದೆ. ಜೋಡಣೆಯ ಕ್ರಮವನ್ನು ಗಮನಿಸಿರಿ. ಸಾಮಾನ್ಯವಾಗಿ ಮೊದಲು ಬಾಲ, ಬಳಿಕ ರೆಕ್ಕೆ ಮತ್ತು ಒಡಲು, ಕಟ್ಟಕಡೆಗೆ ಎಂಜಿನ್, ಪ್ರೊಪೆಲ್ಲರ್ ಮತ್ತು ಉಪಕರಣಗಳು. ಅಗ್ಗವಾದುದು ಮೊದಲು ಬರುತ್ತದೆ, ದುಬಾರಿಯಾದುದು ಕೊನೆಗೆ. ಕೈ ಬರಿದಾಗಿರುವ ಹೊತ್ತಿಗೇ ಜೀವವನ್ನು ಹೊರುವ ಭಾಗವನ್ನು ಕೊಳ್ಳಬೇಕಾಗುತ್ತದೆ. ಆಗ ಹಳೆಯ ಎಂಜಿನ್ನೇ ಸಾಕು, ತಜ್ಞರ ತಪಾಸಣೆ ಮುಂದಿನ ವರ್ಷವಾಗಲಿ, ತರಬೇತಿಯ ಗಂಟೆಗಳು ಕಡಮೆಯಾದರೇನು ಎಂಬ ಯೋಚನೆಗಳು ತಲೆಯೆತ್ತುತ್ತವೆ. ಇದನ್ನು ತಪ್ಪಿಸಲು ಒಂದೇ ಉಪಾಯ: ಬಾಲದ ಪೆಟ್ಟಿಗೆಯನ್ನು ತರಿಸುವ ಮೊದಲೇ ಎಂಜಿನ್ನಿಗಾಗಿ ಪ್ರತ್ಯೇಕ ನಿಧಿಯನ್ನು ತೆರೆದು, ಅದನ್ನು ಬೇರೆ ಯಾವ ಭಾಗಕ್ಕೂ ಮುಟ್ಟದಿರುವುದು.

ಕೊಡಗಿನ ಬೆಳೆಗಾರನ ಆದಾಯವು ತಿಂಗಳ ಸಂಬಳದಂತೆ ಬರುವುದಿಲ್ಲ. ಕುಯ್ಲು ಮುಗಿದಾಗ ಒಮ್ಮೆಗೆ ಬರುತ್ತದೆ. ಅದರ ಮೊತ್ತವನ್ನು ದೂರದ ಪೇಟೆಗಳು ನಿರ್ಧರಿಸುತ್ತವೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಪಾಲಿನ ವ್ಯವಸ್ಥೆ ಮುರಿದು ಬೆಲೆ ಕುಸಿಯಿತು; 1994ರಲ್ಲಿ ಬ್ರೆಜಿಲ್ ದೇಶದ ತೋಟಗಳು ಕೊರೆಯುವ ಹಿಮಕ್ಕೆ ಸಿಕ್ಕಿದಾಗ ಬೆಲೆ ಮೇಲಕ್ಕೆ ಜಿಗಿಯಿತು. 2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ತೋಟಗಳೇ ಕೊಚ್ಚಿಹೋದುವು. ಇಂತಹ ಆದಾಯವನ್ನು ನಂಬಿ ತೋಟವನ್ನು ಅಡವಿಟ್ಟು ವಿಮಾನ ಕಟ್ಟುವುದು ಸಾಹಸವಲ್ಲ, ಅವಿವೇಕ. ಮನೆ ಮತ್ತು ತೋಟದ ಒಂದು ವರ್ಷದ ಖರ್ಚು, ವಿಮೆ, ಮಕ್ಕಳ ವಿದ್ಯಾಭ್ಯಾಸದ ಹಣ, ಈ ಮೂರನ್ನೂ ತೆಗೆದಿಟ್ಟ ಮೇಲೆ ಉಳಿದುದಷ್ಟೇ ವಿಮಾನದ ಪಾಲು. ಫಸಲು ಕೈಹಿಡಿದ ವರ್ಷ ಒಂದು ಭಾಗವನ್ನು ಕೊಳ್ಳಬಹುದು. ಕೈಕೊಟ್ಟ ವರ್ಷ ಕೊಟ್ಟಿಗೆಯ ಬಾಗಿಲು ಹಾಕಬಹುದು. ಅರ್ಧ ಮುಗಿದ ರೆಕ್ಕೆಯು ಕಾಯುತ್ತದೆ. ಸಾಲದ ಕಂತು ಕಾಯುವುದಿಲ್ಲ.

ತಡಮಾಡಿದರೆ ಬೆಲೆ ಏರುವುದಿಲ್ಲವೇ ಎಂದು ಕೇಳಬಹುದು. ಏರುತ್ತದೆ. ಬೆಲೆ ವರ್ಷಕ್ಕೆ ಶೇಕಡ 6ರಂತೆ ಹೆಚ್ಚುತ್ತದೆಂದು ಭಾವಿಸಿದರೆ, ಇಂದು 15 ಲಕ್ಷ ರೂಪಾಯಿಗೆ ದೊರೆಯುವ ಸಾಮಗ್ರಿಗೆ 10 ವರ್ಷಗಳ ಬಳಿಕ ಸುಮಾರು 27 ಲಕ್ಷ ಬೇಕಾಗುತ್ತದೆ. ಆದರೆ ಈ ಭಯದಿಂದ ಪೂರ್ಣ ಮೊತ್ತವನ್ನು ಮುಂಗಡ ಕೊಡುವುದೂ ಸಲ್ಲದು. ಅಮೆರಿಕದ ಪ್ರಸಿದ್ಧ ಕಿಟ್ ಸಂಸ್ಥೆಯಾದ ವ್ಯಾನ್ಸ್ ಏರ್‌ಕ್ರಾಫ್ಟ್ 2023ರ ಡಿಸೆಂಬರಿನಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೋರಿದಾಗ, ಮುಂಗಡ ಕೊಟ್ಟಿದ್ದವರು ಕಿಟ್ಟಿಗೆ ಹೆಚ್ಚಿನ ಬೆಲೆಯನ್ನು ಒಪ್ಪಿಕೊಳ್ಳಬೇಕಾಯಿತು. ಕೈಗೆ ಬರುವ ಭಾಗಕ್ಕೆ ಆಗಾಗ ಹಣ ಕೊಡುವುದೇ ನಡುದಾರಿ.

ಸಾಹಸಿಗಳ ಉದಾಹರಣೆ ನಮಗೆ ತಿಳಿಯದೆ ಇಲ್ಲ. ಮುಂಬಯಿಯ ಅಮೋಲ್ ಯಾದವರು ಮನೆಯ ತಾರಸಿಯ ಮೇಲೆಯೇ ಆರು ಆಸನಗಳ ವಿಮಾನವನ್ನು ಕಟ್ಟಿ, 2017ರಲ್ಲಿ ಅದರ ನೋಂದಣಿಯನ್ನು ಪಡೆದರು. ಅದಕ್ಕಾಗಿ ಅವರ ಕುಟುಂಬವು ಒಡವೆ ಆಸ್ತಿಗಳನ್ನೇ ಪಣಕ್ಕೊಡ್ಡಿತು. ಆ ಛಲಕ್ಕೆ ನಾವು ತಲೆಬಾಗುತ್ತೇವೆ. ಆದರೆ ಒಬ್ಬರ ಛಲವು ಎಲ್ಲ ಸಂಸಾರಗಳಿಗೂ ನಿಯಮವಾಗಲಾರದು.

ಹಾರಿದೊಡನೆ ಖರ್ಚು ನಿಲ್ಲುವುದೂ ಇಲ್ಲ. ಲಘು ವಿಮಾನಗಳಲ್ಲಿ ಬಳಸುವ ರೋಟಾಕ್ಸ್ 582 ಎಂಜಿನ್ನನ್ನು 300 ಗಂಟೆಗಳಿಗೊಮ್ಮೆ ಬಿಚ್ಚಿ ಪೂರ್ಣವಾಗಿ ದುರಸ್ತಿ ಮಾಡಬೇಕು. ರೋಟಾಕ್ಸ್ 912ರ ಈಚಿನ ಮಾದರಿಗಳಿಗೆ ಈ ಅವಧಿ 2000 ಗಂಟೆ. ಅಗ್ಗದ ಎಂಜಿನ್ ಎಲ್ಲಿ ದುಬಾರಿಯಾಗುವುದೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ. ಹಾರಿದ ಪ್ರತಿ ಗಂಟೆಗೂ ದುರಸ್ತಿಯ ಪಾಲನ್ನು ತೆಗೆದಿಡಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿಯ ವಿಚಾರವನ್ನಂತೂ ಮೊದಲ ರೂಪಾಯಿ ವ್ಯಯಿಸುವ ಮುನ್ನವೇ ತಿಳಿದುಕೊಳ್ಳತಕ್ಕದ್ದು.

ವಿದ್ಯಾರ್ಥಿಗಳಿಗೆ ಇದೆಲ್ಲ ದೂರದ ಮಾತೆನಿಸಬಹುದು. ಆದರೆ ಅಲ್ಯೂಮಿನಿಯಮ್ ತಗಡಿಗೆ ರಿವೆಟ್ ಹೊಡೆಯುವುದನ್ನೂ ನಕ್ಷೆ ಓದುವುದನ್ನೂ ಮಳೆಗಾಲದ ಬಿಡುವಿನಲ್ಲಿ ಅಲ್ಪ ವೆಚ್ಚದಲ್ಲಿ ಕಲಿಯಬಹುದು. ಜಮಾಖರ್ಚಿನ ಪುಸ್ತಕವನ್ನು ಇಂದೇ ಬರೆಯತೊಡಗಬಹುದು. ಮುಂದೆ ಸಂಸಾರ ಹೂಡಿದಾಗ ಆ ಪುಸ್ತಕವು ಪತಿಪತ್ನಿಯರಿಬ್ಬರ ಮುಂದೆಯೂ ತೆರೆದಿರಲಿ. ಇಬ್ಬರೂ ಒಪ್ಪಿದ ಲೆಕ್ಕದ ಮೇಲೆ ಕಟ್ಟಿದ ವಿಮಾನದಲ್ಲಿ ಮಕ್ಕಳನ್ನು ಕೂರಿಸಿಕೊಳ್ಳಲು ಯಾರಿಗೂ ಅಳುಕಿರದು.